ಪದ ಪರಿಚಯ: ಭಟ್ಟಿ ಇಳಿಸಿದ ನೀರು

ಅನ್ನ ಬೇಯುತ್ತಿರುವಾಗ ಮುಚ್ಚಳ ಎತ್ತಿ ನೋಡಿ. ಒಳಮೈ ತುಂಬ ಹನಿ ಕೂತಿರುತ್ತದೆ. ಕೆಳಗೆ ಗಂಜಿ ಎಷ್ಟೇ ದಪ್ಪವಿದ್ದರೂ ಆ ಹನಿ ಮಾತ್ರ ತಿಳಿನೀರು. ಅದನ್ನು ಮತ್ತೆ ಗಂಜಿಗೆ ಬೀಳಗೊಡದೆ ಬೇರೆ ಪಾತ್ರೆಯಲ್ಲಿ ಹಿಡಿದಿಟ್ಟರೆ ಅದೇ ಭಟ್ಟಿ ಇಳಿಸಿದ ನೀರು. ನೀರು ಹಬೆಯಾಗಿ ಮೇಲೇರುತ್ತದೆ. ಉಪ್ಪು, ಸುಣ್ಣ, ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ಇವು ಹಬೆಯಾಗದೆ ತಳದಲ್ಲಿ ಉಳಿಯುತ್ತವೆ. ರೋಗಾಣುಗಳು ಕುದಿಯಲ್ಲೇ ಸಾಯುತ್ತವೆ.

‘ಭಟ್ಟಿ’ ಎಂದರೆ ಒಲೆ, ಕುಲುಮೆ. ಹುರಿಯುವ ಬಾಣಲೆಗೆ ಸಂಸ್ಕೃತದಲ್ಲಿರುವ ‘ಭ್ರಾಷ್ಟ್ರ’ ಇದರ ಮೂಲ. ಕನ್ನಡಿಗರ ಕಿವಿಗೆ ಈ ಮಾತು ಮೊದಲು ಬಿದ್ದದ್ದು ಬಹುಶಃ ಕಳ್ಳಭಟ್ಟಿಯಿಂದಲೇ. ಕಾಸರಗೋಡಿನಲ್ಲಿ ಅದನ್ನೇ ಮಲಯಾಳದ ‘ವಾಟ್ಟು’ ಎಂಬ ಮಾತಿನಿಂದ ಗುರುತಿಸುವವರು ಹೆಚ್ಚು. ಪಠ್ಯಪುಸ್ತಕದ ಕನ್ನಡ ಇದಕ್ಕೆ ‘ಆಸವನ’ ಎನ್ನುತ್ತದೆ. ಈ ಪದ ಓದುವವರನ್ನು ತುಸು ದಾರಿ ತಪ್ಪಿಸುತ್ತದೆ. ಆಯುರ್ವೇದದ ದ್ರಾಕ್ಷಾಸವದಂಥ ಆಸವಗಳು ಹುಳಿಬರಿಸಿ ಮಾಡಿದವು, ಹಬೆಯಿಂದ ಇಳಿಸಿದವಲ್ಲ. ಔಷಧಿಯಲ್ಲಿ ಹಬೆಯಿಂದ ಇಳಿದದ್ದಕ್ಕೆ ‘ಅರ್ಕ’ ಎಂಬ ಬೇರೆಯೇ ಹೆಸರಿದೆ. ಮಲಯಾಳ ಪಠ್ಯಗಳು ಆರಿಸಿಕೊಂಡ ‘ಸ್ವೇದನ’ ಮಾತ್ರ ಚೆನ್ನಾಗಿ ಹೊಂದುತ್ತದೆ: ಸ್ವೇದವೆಂದರೆ ಬೆವರು. ಅರಬ್ಬಿಯ ‘ಅರಕ್’ ಪದಕ್ಕೂ ಬೆವರೆಂದೇ ಅರ್ಥ, ಸಾರಾಯಿಗೆ ‘ಅರಾಕ್’ ಎಂಬ ಹೆಸರು ಬಂದದ್ದು ಅಲ್ಲಿಂದ. ನಮ್ಮ ‘ಭಟ್ಟಿ ಇಳಿಸು’ ಇವೆಲ್ಲಕ್ಕಿಂತ ಸ್ಪಷ್ಟ. ಕೆಳಗೆ ಬೆಂಕಿ ಇದೆ, ಮೇಲೇರಿದ್ದನ್ನು ತಣಿಸಿ ಇಳಿಸಿಕೊಳ್ಳಬೇಕು ಎಂದು ಎರಡೂ ಕೆಲಸವನ್ನು ಅದೇ ಹೇಳಿಬಿಡುತ್ತದೆ.

ಇದನ್ನು ‘ಶುದ್ಧ ನೀರು’ ಎಂಬ ಮಾತಿನಿಂದ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಶುದ್ಧ ಎನ್ನುವುದು ಏನನ್ನು ತೆಗೆದಿದೆ ಎಂದು ಹೇಳುವುದಿಲ್ಲ. ಸೋಸಿದ ನೀರಿನಿಂದ ಹೋದದ್ದು ಕಸ, ಕೆಸರು. ಕುದಿಸಿದ ನೀರಿನಲ್ಲಿ ಸತ್ತದ್ದು ರೋಗಾಣು, ಉಪ್ಪು ಅಲ್ಲೇ ಇದೆ. ಆರ್‌ಓ ಯಂತ್ರ ಒತ್ತಡದಿಂದ ನೀರನ್ನು ಪೊರೆಯ ಮೂಲಕ ತಳ್ಳಿ ಉಪ್ಪಿನ ಬಹುಪಾಲನ್ನು ತಡೆಯುತ್ತದೆ, ಆದರೆ ಒಂದಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ. ಅಂಗಡಿಯ ಬಾಟಲಿ ಸಾಮಾನ್ಯವಾಗಿ ಐಎಸ್ 14543 ಮಾನಕದ ಪ್ಯಾಕೇಜ್ ಮಾಡಿದ ಕುಡಿಯುವ ನೀರು. ‘ಮಿನರಲ್ ವಾಟರ್’ ಎಂದು ಕೇಳಿದರೂ ಕೈಗೆ ಬರುವುದು ಹೆಚ್ಚಾಗಿ ಅದೇ. ನಿಜವಾದ ನೈಸರ್ಗಿಕ ಖನಿಜ ನೀರಿನ ಮಾನಕ ಬೇರೆ, ಐಎಸ್ 13428.

ಭಟ್ಟಿಯ ನೀರು ಏಕೆ ದುಬಾರಿ ಎನ್ನುವುದನ್ನು ಲೆಕ್ಕದಲ್ಲೇ ನೋಡಬಹುದು. 28 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಗೆ ತರಲು ಸುಮಾರು 300 ಕಿಲೋಜೌಲ್ ಸಾಕು. ಕುದಿಯುತ್ತಿರುವ ಅದೇ ನೀರನ್ನು ಪೂರ್ತಿ ಹಬೆಯಾಗಿಸಲು ಮತ್ತೆ 2257 ಕಿಲೋಜೌಲ್ ಬೇಕು. ಅಂದರೆ ಕುದಿಸಿ ಆರಿಸುವುದಕ್ಕಿಂತ ಎಂಟು ಪಟ್ಟು ಹೆಚ್ಚು ಶಾಖ. ವಿದ್ಯುತ್ತಿನಲ್ಲಿ ಇದು ಲೀಟರಿಗೆ 0.7 ಯೂನಿಟ್, ಸೋರಿಹೋಗುವ ಶಾಖ ಸೇರಿದರೆ ಮುಕ್ಕಾಲು ಯೂನಿಟ್ಟಿಗೂ ಮೇಲೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂರುವ 750 ವ್ಯಾಟಿನ ಯಂತ್ರ ನಾಲ್ಕು ಲೀಟರ್ ಇಳಿಸಲು ನಾಲ್ಕರಿಂದ ಐದು ಗಂಟೆ ಓಡುತ್ತದೆ, ಮೂರು ಯೂನಿಟ್ ದಾಟುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಲೀಟರಿಗೆ ಹತ್ತಿರ ಹತ್ತಿರ 5 ರೂಪಾಯಿ. ಗ್ಯಾಸಿನಲ್ಲಿ ಮಾಡಿದರೆ 14.2 ಕಿಲೋ ಸಿಲಿಂಡರ್ ಹೆಚ್ಚೆಂದರೆ 150 ಲೀಟರಿಗೆ ಮುಗಿಯುತ್ತದೆ. ದಿನಕ್ಕೆ 15 ಲೀಟರ್ ಕುಡಿಯುವ, ಅಡುಗೆಗೆ ಬಳಸುವ ಮನೆಗೆ ಅದು ಹತ್ತು ದಿನದ ಲೆಕ್ಕ.

ಅಷ್ಟಾದರೂ ಒಂದೆರಡು ಲೀಟರ್ ಬೇಕಾದಾಗ ಮನೆಯಲ್ಲೇ ಇಳಿಸಬಹುದು. ಹತ್ತು ಲೀಟರ್ ಹಿಡಿಯುವ, ಬಾಯಿ ಅಗಲವಾದ ಸ್ಟೀಲ್ ಪಾತ್ರೆಗೆ ಮೂರು ಲೀಟರ್ ನೀರು ಹಾಕಿ. ಒಳಗೆ ಐದಾರು ಸೆಂಟಿಮೀಟರ್ ಎತ್ತರದ ಸ್ಟೀಲ್ ಸ್ಟ್ಯಾಂಡ್ ಇಡಿ. ಕೊಟ್ಟಿಗೆ ಎಂಬ ಕಡುಬನ್ನು ಹಬೆಯಲ್ಲಿ ಬೇಯಿಸುವ ಅಟ್ಟಿನಳಗೆ ಇದ್ದರೆ ಅದರ ತೂತಿನ ತಟ್ಟೆಯೇ ಆಗುತ್ತದೆ. ಅದರ ಮೇಲೆ ಎರಡು ಲೀಟರಿನ ಸ್ಟೀಲ್ ಬೋಗುಣಿ ಕೂರಲಿ. ಬೋಗುಣಿಯ ಅಂಚು ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳಾದರೂ ಮೇಲಿರಬೇಕು. ಮುಚ್ಚಳದ ಬದಲು ತಳ ಉರುಟಾದ ಸ್ಟೀಲ್ ಬಾಣಲೆಯನ್ನು ಪಾತ್ರೆಯ ಬಾಯಿಯ ಮೇಲೆ ಇಟ್ಟು ತಣ್ಣೀರು ತುಂಬಿ. ಉರುಟು ತಳವಿದ್ದರೆ ಹನಿಗಳು ಜಾರಿ ನಡುಮಧ್ಯಕ್ಕೆ ಬಂದು ಬೋಗುಣಿಗೆ ಬೀಳುತ್ತವೆ. ಚಪ್ಪಟೆ ಮುಚ್ಚಳವಿದ್ದರೆ ಅಂಚಿಗೆ ಹರಿದು ಮತ್ತೆ ಕೆಳಕ್ಕೇ ಸೇರುತ್ತವೆ.

ಹೆಚ್ಚಿನವರು ಸೋಲುವುದು ತಣಿಸುವ ಕೆಲಸದಲ್ಲಿ. ‘ಮೇಲೆ ನಾಲ್ಕು ತುಂಡು ಐಸ್ ಹಾಕಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹಬೆಯಾಗಲು ನೀರು ಎಷ್ಟು ಶಾಖ ತಿಂದಿತ್ತೋ ಅಷ್ಟನ್ನೂ ಇಳಿಯುವಾಗ ಬಿಟ್ಟುಕೊಡುತ್ತದೆ. ಆ ಶಾಖ ಬಾಣಲೆಯ ನೀರಿಗೆ ಹೋಗಲೇಬೇಕು. ಒಂದು ಲೀಟರ್ ಇಳಿಸಲು ಐಸ್ ಒಂದನ್ನೇ ನೆಚ್ಚಿದರೆ ಸುಮಾರು ನಾಲ್ಕು ಕಿಲೋ ಬೇಕಾದೀತು. ಬಾವಿಯ ತಣ್ಣೀರಾದರೆ ಹತ್ತರಿಂದ ಹದಿನೈದು ಲೀಟರ್. ಹಾಗಾಗಿ ಮೇಲಿನ ನೀರು ಕೈಗೆ ಸುಡುವಷ್ಟು ಬಿಸಿಯಾದಾಗಲೆಲ್ಲ ತಂಬಿಗೆಯಿಂದ ತೋಡಿ ಬದಲಿಸುತ್ತಿರಿ. ಆ ಬಿಸಿನೀರು ಸ್ನಾನಕ್ಕೆ, ಪಾತ್ರೆ ತೊಳೆಯಲು ಆಗುತ್ತದೆ. ಬದಲಿಸದಿದ್ದರೆ ಹಬೆ ನೀರಾಗದೆ ಅಂಚಿನ ಸಂದಿಯಿಂದ ಹೊರಹೋಗುತ್ತದೆ, ಗ್ಯಾಸ್ ಖರ್ಚಾದರೂ ಬೋಗುಣಿ ತುಂಬುವುದಿಲ್ಲ.

ಇನ್ನೊಂದು ತಪ್ಪು ಉರಿಯದ್ದು. ಬೇಗ ಆಗಲಿ ಎಂದು ಉರಿ ಏರಿಸಿದರೆ ನೀರು ಕೊತಕೊತ ಕುದಿದು ಸಣ್ಣ ಹನಿಗಳು ಸಿಡಿದು ಬೋಗುಣಿಗೇ ಬೀಳುತ್ತವೆ. ಅವು ಹಬೆಯಲ್ಲ, ಉಪ್ಪಿನ ಸಮೇತ ಇರುವ ಮೂಲ ನೀರು. ಸಣ್ಣಗೆ ಕುದಿಯುವಷ್ಟೇ ಉರಿ ಇರಲಿ. ಮೊದಲ ಹತ್ತು ನಿಮಿಷ ಬಾಣಲೆಯನ್ನು ತುಸು ಓರೆಯಾಗಿಟ್ಟು ಹಬೆ ಹೊರಹೋಗಲು ಬಿಡಿ, ಅಷ್ಟರಲ್ಲಿ ಬೋಗುಣಿಗೆ ಬಿದ್ದದ್ದನ್ನು ಚೆಲ್ಲಿ. ನೀರಿಗಿಂತ ಬೇಗ ಹಬೆಯಾಗುವ ಕ್ಲೋರಿನ್, ಪೆಟ್ರೋಲಿನ ಅಂಶ ಮೊದಲು ಹೊರಡುವುದು ಆ ಹೊತ್ತಿಗೇ. ತಳದಲ್ಲಿ ಒಂದು ಲೀಟರ್ ಉಳಿದಾಗ ಒಲೆ ಆರಿಸಿ. ಅದರಲ್ಲಿ ಉಪ್ಪು ಮೂರು ಪಟ್ಟು ಗಟ್ಟಿಯಾಗಿರುತ್ತದೆ, ಗಿಡಗಳ ಬುಡಕ್ಕೆ ಹಾಕಬೇಡಿ.

ಇಳಿದ ನೀರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಒಟ್ಟು ಮಿಲಿಗ್ರಾಂ, ಮೀಟರಿನಲ್ಲಿ 10ಕ್ಕಿಂತ ಕಡಿಮೆ ಬರಬೇಕು. 30, 40 ತೋರಿಸಿದರೆ ಹನಿ ಸಿಡಿದಿದೆ ಎಂದೇ ಅರ್ಥ. ಯಂತ್ರದ ತಳದಲ್ಲಿ ಕಟ್ಟುವ ಪದರವನ್ನು ಲೀಟರ್ ಬಿಸಿನೀರಿಗೆ 15 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಅರ್ಧ ಗಂಟೆ ಬಿಟ್ಟು ಉಜ್ಜಬಹುದು. ಗಡಸು ನೀರಿನ ಊರುಗಳಲ್ಲಿ ಆ ಪದರ ಬಿಳಿ ಸುಣ್ಣ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಬಾವಿ ನೀರಿನಲ್ಲಿ ಸುಣ್ಣ ಕಡಿಮೆ, ಹಾಗಾಗಿ ನಮ್ಮ ಕಾಸರಗೋಡಿನಲ್ಲಿ ಕಾಣುವುದು ಹೆಚ್ಚಾಗಿ ಕಬ್ಬಿಣದ ಕಂದು ಕಲೆ.

ಭಟ್ಟಿ ಎಲ್ಲವನ್ನೂ ತೆಗೆಯುತ್ತದೆ ಎಂಬ ಮಾತು ನಿಜವಲ್ಲ. ಕೆಲವು ಕೀಟನಾಶಕಗಳು, ದ್ರಾವಕಗಳು ಹಬೆಯ ಜೊತೆಗೇ ಏರಿ ಜೊತೆಗೇ ಇಳಿಯುತ್ತವೆ. ಒಳ್ಳೆಯ ಯಂತ್ರಗಳ ನಳಿಗೆಯ ತುದಿಯಲ್ಲಿ ಇದ್ದಿಲಿನ ಸಣ್ಣ ಪೊಟ್ಟಣ ಇರುವುದು ಅದಕ್ಕೇ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ಇದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆದರೂ ನೀರಿನ ಬಗೆಗಿನ ಭಯ ಜನರ ಮನಸ್ಸಿನಿಂದ ಹೋಗಿಲ್ಲ, ಹೋಗಬೇಕೆಂದು ಹೇಳುವುದೂ ನ್ಯಾಯವಲ್ಲ. ಆ ಭಯವನ್ನೇ ಹಿಡಿದು ಯಂತ್ರ ಮಾರಲು ಬಂದವರಲ್ಲಿ ಇದ್ದಿಲಿನ ಹಂತ ಇದೆಯೇ, ಎಷ್ಟು ತಿಂಗಳಿಗೊಮ್ಮೆ ಬದಲಿಸಬೇಕು ಎಂದು ಮೊದಲು ಕೇಳಬೇಕು.

ಮನೆಬಾಗಿಲಿಗೆ ಬರುವವರು ತೋರಿಸುವ ಒಂದು ಪ್ರಯೋಗ ಅನೇಕರನ್ನು ಹೆದರಿಸಿದೆ. ಒಂದು ಲೋಟದಲ್ಲಿ ನಿಮ್ಮ ಬಾವಿ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಡುತ್ತಾರೆ. ಒಂದೆರಡು ನಿಮಿಷದಲ್ಲಿ ಬಾವಿ ನೀರು ಕಂದಾಗಿ ಗಸಿ ಕಟ್ಟುತ್ತದೆ, ಮತ್ತೊಂದು ತಿಳಿಯಾಗಿಯೇ ಇರುತ್ತದೆ. ಆ ಗಸಿ ನಿಮ್ಮ ನೀರಿನದ್ದಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು. ಉಪ್ಪಿನ ಅಂಶ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಇಲ್ಲದ್ದರಲ್ಲಿ ಹರಿಯುವುದಿಲ್ಲ, ಅಷ್ಟೇ. ಅವರ ತಿಳಿನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೊಮ್ಮೆ ಮಾಡಿಸಿ. ಅದೂ ಕಂದಾಗುತ್ತದೆ.

ಟಿಡಿಎಸ್ ಮೀಟರ್ ಅಳೆಯುವುದೂ ಕರೆಂಟ್ ಹರಿಯುವ ಗುಣವನ್ನೇ. ಬೊಂಡದ ನೀರಿಗೆ, ಅಂದರೆ ಎಳನೀರಿಗೆ ಅದ್ದಿದರೆ ಅದು ಸಾವಿರಗಳಲ್ಲಿ ತೋರಿಸುತ್ತದೆ. ಹಾಗೆಂದು ಬೊಂಡ ಕೆಟ್ಟದ್ದೇ? ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಚಿಂತೆಯೇ ಇಲ್ಲ, ಬೇರೆ ಮೂಲ ಇಲ್ಲದಿದ್ದರೆ 2000 ತನಕ ಒಪ್ಪಬಹುದು. 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ಬಳಕೆಗೆ ತಡೆ ಹಾಕಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಮುರಕಲ್ಲಿನ ಬಾವಿ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳ ನೀರು ಸಾಮಾನ್ಯವಾಗಿ ಇದರ ಎಷ್ಟೋ ಕೆಳಗಿರುತ್ತದೆ. ಆ ನೀರಿನ ತೊಂದರೆ ಎರಡು: ಪಿಎಚ್ 6.5ಕ್ಕಿಂತ ಇಳಿದು ಹುಳಿಯಾಗಿರುವುದು ಮತ್ತು ಮಳೆಗಾಲದಲ್ಲಿ ಶೌಚದ ಗುಂಡಿ, ದನದ ಹಟ್ಟಿಗಳಿಂದ ಬಸಿದು ಬರುವ ರೋಗಾಣು. ಮಾನಕದ ಪ್ರಕಾರ 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಅದನ್ನು ಯಾವ ಮೀಟರೂ ತೋರಿಸುವುದಿಲ್ಲ. ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯಕ್ಕೆ ಅವರು ಹೇಳಿದ ಬಾಟಲಿಯಲ್ಲೇ ಒಯ್ದು ಕೊಡಬೇಕು. ರೋಗಾಣು ಒಂದೇ ತೊಂದರೆಯಾದರೆ ಒಂದು ನಿಮಿಷ ಚೆನ್ನಾಗಿ ಕುದಿಸಿದರೆ ಸಾಕು, ಭಟ್ಟಿ ಬೇಡವೇ ಬೇಡ. ಹುಳಿನೀರಿಗಂತೂ ಭಟ್ಟಿ ಉತ್ತರವೇ ಅಲ್ಲ: ಇಳಿದ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ತಾನೇ 5.6ರ ಆಸುಪಾಸಿಗೆ ಬರುತ್ತದೆ.

ಅದೇ ಕಾರಣಕ್ಕೆ ಭಟ್ಟಿಯ ನೀರನ್ನು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು. ಗಾಜು ಅಥವಾ ಸ್ಟೀಲ್ ಒಳ್ಳೆಯದು. ಕುಡಿಯಲು ಸಪ್ಪೆ ಎನಿಸುವುದು ಅದರಲ್ಲಿ ಖನಿಜವೂ ಕರಗಿದ ಗಾಳಿಯೂ ಇಲ್ಲದ್ದರಿಂದ. ಎರಡು ಪಾತ್ರೆಗಳ ನಡುವೆ ಚಹಾ ಎತ್ತಿ ಹೊಯ್ದ ಹಾಗೆ ಹತ್ತು ಸಲ ಹೊಯ್ದರೆ ರುಚಿ ಸುಧಾರಿಸುತ್ತದೆ. ಕುಡಿದರೆ ಎಲುಬು ಕರಗುತ್ತದೆ ಎಂಬುದು ಸುಳ್ಳು. ನೀರಿನಿಂದ ಸಿಗುವ ಕ್ಯಾಲ್ಸಿಯಂ, ಮೆಗ್ನೀಷಿಯಂ ತಪ್ಪುವುದು ನಿಜ, ಅದನ್ನು ಊಟದಿಂದ ಪಡೆಯಬೇಕು. ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಇನ್ವರ್ಟರಿಗೆಂದು ಸಿಗುವ ‘ಡಿಸ್ಟಿಲ್ಡ್ ವಾಟರ್’ ಮಾತ್ರ ಕುಡಿಯಲೇಬಾರದು. ಅದರಲ್ಲಿ ಹೆಚ್ಚಿನದು ಭಟ್ಟಿ ಇಳಿಸಿದ್ದೇ ಅಲ್ಲ, ರಾಳದ ಮೂಲಕ ಹಾಯಿಸಿ ಖನಿಜ ತೆಗೆದದ್ದು. ಕ್ಯಾನ್ ಕೂಡ ಆಹಾರಕ್ಕೆಂದು ಮಾಡಿದ್ದಲ್ಲ.

ಹಾಗಾದರೆ ಈ ಜಿಲ್ಲೆಯಲ್ಲಿ ಭಟ್ಟಿ ಯಾರಿಗೆ? ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆಯ ಹತ್ತಿರ, ಎಪ್ರಿಲ್–ಮೇ ತಿಂಗಳಲ್ಲಿ ಬಾವಿಗೆ ಉಪ್ಪು ಏರುವ ಮನೆಗಳಿಗೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಅದೃಷ್ಟಕ್ಕೆ ಅದೇ ತಿಂಗಳುಗಳಲ್ಲಿ ಬಿಸಿಲೂ ಜೋರು. ಒಳಗೆ ಕಪ್ಪು ಬಳಿದ ಒಂದು ಚದರ ಮೀಟರಿನ ತಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರ್ ಉಪ್ಪುನೀರು ನಿಲ್ಲಿಸಿ, ಮೇಲೆ ದಕ್ಷಿಣಕ್ಕೆ ಇಳಿಜಾರಾಗಿ ಗಾಜು ಮುಚ್ಚಿದರೆ ಒಳ್ಳೆಯ ಬಿಸಿಲಿನ ದಿನ ಎರಡರಿಂದ ನಾಲ್ಕು ಲೀಟರ್ ಇಳಿಯುತ್ತದೆ, ಗ್ಯಾಸೂ ಬೇಡ ಕರೆಂಟೂ ಬೇಡ. ಗಾಜಿನ ಓರೆ ನಮ್ಮ ಅಕ್ಷಾಂಶದಷ್ಟೇ, ಅಂದರೆ 12 ಡಿಗ್ರಿ ಸುಮಾರಿಗೆ ಇದ್ದರೆ ಸರಿ. 10ಕ್ಕಿಂತ ಕಡಿಮೆಯಾದರೆ ಹನಿ ಗಾಜಿನ ಮೇಲೆ ಜಾರದೆ ನೇರ ಉಪ್ಪುನೀರಿಗೇ ಬೀಳುತ್ತದೆ. ಕೆಳ ಅಂಚಿನ ದೋಣಿಯಿಂದ ಬಾಟಲಿಗೆ ಕೊಳವೆ ಕೊಡಿ. ಹೆಚ್ಚಿನ ಪೆಟ್ಟಿಗೆಗಳು ಕೈಕೊಡುವುದು ಗಾಜಿನ ಅಂಚಿನ ಸಂದಿಯಲ್ಲಿ. ಒಂದು ಕೂದಲೆಳೆಯಷ್ಟು ಬಿರುಕಿದ್ದರೂ ಮಧ್ಯಾಹ್ನದ ಹಬೆ ಅಲ್ಲಿಂದಲೇ ಹೋಗುತ್ತದೆ. ಸಿಲಿಕೋನ್ ಅಂಟು ಹಾಕಿ ಪೂರ್ತಿ ಒಣಗಲು ಬಿಟ್ಟು, ಮೊದಲ ಎರಡು ದಿನದ ನೀರನ್ನು ಅದರ ವಾಸನೆ ಹೋಗುವ ತನಕ ಚೆಲ್ಲಿ, ಮೂರನೆಯ ದಿನದಿಂದ ಹಿಡಿಯಿರಿ.