ಗಾಯವನ್ನು ಗಾಳಿಗೆ ಬಿಡಬೇಕೆ, ಮುಚ್ಚಿಡಬೇಕೆ?

ಪ್ರಶ್ನೆ: ಗಾಡಿಯಿಂದ ಬಿದ್ದು ಮೊಣಕಾಲು ಚೆನ್ನಾಗಿ ತರಚಿದೆ. ಆಸ್ಪತ್ರೆಯಲ್ಲಿ ತೊಳೆದು ಡ್ರೆಸ್ಸಿಂಗ್ ಮಾಡಿ ಕಳಿಸಿದರು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ಬಿಚ್ಚಿಡು, ಗಾಳಿಯಾಡಿದರೆ ಬೇಗ ಒಣಗುತ್ತೆ. ಮುಚ್ಚಿಟ್ಟರೆ ಕೀವಾಗುತ್ತೆ." ಯಾರ ಮಾತು ಕೇಳಲಿ?

ಉತ್ತರ: ಆಸ್ಪತ್ರೆಯವರ ಮಾತು ಕೇಳಿ. ಚೆನ್ನಾಗಿ ತೊಳೆದ ತರಚುಗಾಯವನ್ನು ಹೊಸ ಚರ್ಮ ಮೂಡುವವರೆಗೂ ಮುಚ್ಚಿಡುವುದೇ ಸರಿ. ಮನೆಯವರನ್ನೂ ತಪ್ಪು ಅನ್ನಲಾಗದು. ಒಣಗಿ ಹಕ್ಕಳೆ ಕಟ್ಟಿದರೆ ಗಾಯ ಮಾಯುತ್ತಿದೆ ಎಂದೇ ನಾವೆಲ್ಲ ಚಿಕ್ಕಂದಿನಿಂದ ತಿಳಿದಿದ್ದೇವೆ. ವೈದ್ಯರೂ ಬಹುಕಾಲ ಹಾಗೆಯೇ ತಿಳಿದಿದ್ದರು.

ಆ ತಿಳಿವಳಿಕೆ ಅಲುಗಾಡಿದ್ದು 1962ರಲ್ಲಿ. ಬ್ರಿಟನ್ನಿನ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಬೆನ್ನಿನ ಮೇಲೆ ಆಳವಿಲ್ಲದ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟರು, ಕೆಲವಕ್ಕೆ ಪಾಲಿಥಿನ್ ಹಾಳೆ ಹೊದಿಸಿದರು. ಹಂದಿಯ ಚರ್ಮದ ರಚನೆ ನಮ್ಮ ಚರ್ಮಕ್ಕೆ ಬಹಳ ಹತ್ತಿರ. ಹಾಳೆಯಡಿ ತೇವವಾಗಿಯೇ ಉಳಿದ ಗಾಯಗಳಲ್ಲಿ ಹೊಸ ಮೇಲ್ಪದರ ಸುಮಾರು ಎರಡು ಪಟ್ಟು ವೇಗವಾಗಿ ಮೂಡಿತು. ಈ ಫಲಿತಾಂಶ ನೇಚರ್ ಪತ್ರಿಕೆಯಲ್ಲಿ ಬಂತು. ಮರುವರ್ಷವೇ ಹಿನ್‌ಮನ್ ಮತ್ತು ಮೈಬಾಕ್ ಎಂಬ ಇಬ್ಬರು ಸಂಶೋಧಕರು ಮನುಷ್ಯರ ಮೇಲೂ ಇದನ್ನೇ ಪರೀಕ್ಷಿಸಿ ಅದೇ ದಿಕ್ಕಿನ ಉತ್ತರ ಪಡೆದರು. ಇಂದು ಬಳಕೆಯಲ್ಲಿರುವ ತೆಳು ಹಾಳೆಯಂಥ ಫಿಲ್ಮ್, ಸ್ಪಂಜಿನಂಥ ಫೋಮ್, ರಸ ಹೀರಿ ಲೋಳೆಯಾಗುವ ಹೈಡ್ರೊಕೊಲಾಯ್ಡ್ ಡ್ರೆಸ್ಸಿಂಗ್‌ಗಳ ಹಿಂದೆ ಇರುವುದು ಈ ಕೆಲಸವೇ.

ಹೀಗೇಕಾಗುತ್ತದೆ ಎಂಬುದು ನನಗೆ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ. ತರಚಿದ ಜಾಗದಲ್ಲಿ ಹೊಸ ಚರ್ಮ ಅಂಚಿನಿಂದಷ್ಟೇ ಬರುವುದಿಲ್ಲ. ಕೂದಲಿನ ಬುಡದಲ್ಲಿ, ಬೆವರು ಗ್ರಂಥಿಗಳ ನಾಳಗಳಲ್ಲಿ ಉಳಿದುಕೊಂಡ ಚರ್ಮದ ಜೀವಕೋಶಗಳೂ ಮೇಲೆದ್ದು ಬರುತ್ತವೆ. ಡ್ರೆಸ್ಸಿಂಗ್ ಬದಲಿಸುವಾಗ ಗಮನಿಸಿ ನೋಡಿ: ಕೆಂಪು ಗಾಯದ ನಡುನಡುವೆ ಅಲ್ಲಲ್ಲಿ ತೆಳು ಗುಲಾಬಿ ಬಣ್ಣದ ಚುಕ್ಕಿಗಳು ಕಾಣುತ್ತವೆ. ಅವು ದಿನದಿಂದ ದಿನಕ್ಕೆ ಅಗಲವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ಜೀವಕೋಶಗಳು ಅಕ್ಕಪಕ್ಕದವುಗಳ ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ನಿಧಾನವಾಗಿ ತೆವಳುತ್ತವೆ. ತೆವಳಲು ಅವಕ್ಕೆ ಜೀವಂತವಾದ, ತೇವವಿರುವ ನೆಲ ಬೇಕು.

ಗಾಳಿಗೆ ಬಿಟ್ಟ ಗಾಯದಲ್ಲಿ ಆ ನೆಲವೇ ಒಣಗಿ ಸಾಯುತ್ತದೆ. ಹೆಪ್ಪುಗಟ್ಟಿದ ರಕ್ತ, ಆರಿದ ರಸ, ಸತ್ತ ಒಳಚರ್ಮದ ಮೇಲ್ಭಾಗ ಎಲ್ಲ ಸೇರಿ ಹಕ್ಕಳೆಯಾಗುತ್ತದೆ. ಹೊಸ ಜೀವಕೋಶಗಳು ಅದರ ಮೇಲೆ ಹೋಗಲಾರವು. ಕಿಣ್ವ ಸುರಿಸಿ, ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ಎಳೆಗಳನ್ನು ಕರಗಿಸುತ್ತಾ ಹಕ್ಕಳೆಯ ಕೆಳಗೆ ದಾರಿ ಕೊರೆಯಬೇಕಾಗುತ್ತದೆ. ಸಮಯ ಹೋಗುವುದು ಅಲ್ಲಿ. ಮುಚ್ಚಿಟ್ಟ ಗಾಯದ ತೆಳು ರಸದಲ್ಲಿ ಬಿಳಿ ರಕ್ತಕಣಗಳೂ ಜೀವಕೋಶಗಳನ್ನು ಬೆಳೆಸುವ ಪ್ರೋಟೀನುಗಳೂ ಇರುತ್ತವೆ. ತೆರೆದುಕೊಂಡ ನರದ ತುದಿಗಳು ಒಣಗದ ಕಾರಣ ಉರಿಯೂ ಕಡಿಮೆ. ಇನ್ನು ಗಾಯಕ್ಕೆ ಬೇಕಾದ ಆಮ್ಲಜನಕ ಮುಖ್ಯವಾಗಿ ಬರುವುದು ರಕ್ತದಿಂದ. ಹಾಗಾಗಿ ಗಾಳಿಯಾಡಿಸುವುದಕ್ಕಿಂತ ಸಿಗರೇಟು ಬಿಡುವುದು ಗಾಯಕ್ಕೆ ಹೆಚ್ಚು ಉಪಕಾರಿ. ಹೊಗೆ ರಕ್ತನಾಳಗಳನ್ನು ಕಿರಿದು ಮಾಡುತ್ತದೆ.

ಮುಚ್ಚಿಟ್ಟರೆ ಕೀವಾಗುತ್ತದೆಂಬ ಭಯ ಅಸಹಜವೇನಲ್ಲ, ತೇವವಿದ್ದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಜವೇ. ಆದರೆ ಬ್ಯಾಕ್ಟೀರಿಯಾ ಇರುವುದು ಬೇರೆ, ಸೋಂಕಾಗುವುದು ಬೇರೆ. 1990ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತೇವ ಹಿಡಿದಿಡುವ ಡ್ರೆಸ್ಸಿಂಗ್‌ಗಳಡಿ ಸೋಂಕಿನ ಪ್ರಮಾಣ ಶೇ. 2.6 ಇತ್ತು, ಸಾಮಾನ್ಯ ಡ್ರೆಸ್ಸಿಂಗ್‌ಗಳಡಿ ಶೇ. 7.1. ಜನರನ್ನು ಗಾಬರಿಪಡಿಸುವ ಇನ್ನೊಂದು ಸಂಗತಿಯೂ ಇದೆ. ಹೈಡ್ರೊಕೊಲಾಯ್ಡ್ ಪಟ್ಟಿ ಗಾಯದ ರಸ ಹೀರಿ ಹಳದಿ ಲೋಳೆಯಾಗುತ್ತದೆ, ವಾಸನೆಯೂ ಬರುತ್ತದೆ. ನೋಡಲು ಥೇಟ್ ಕೀವು. ತೊಳೆದು ನೋಡಿ. ಕೆಳಗೆ ಶುಭ್ರವಾದ ಕೆಂಪು ಮಾಂಸವಿದ್ದು, ಸುತ್ತಲಿನ ಚರ್ಮ ಊದದೆ, ನೋವು ಹೆಚ್ಚದೆ ಇದ್ದರೆ ಅದು ಕೀವಲ್ಲ. ದಿನೇದಿನೇ ಹರಡುವ ಕೆಂಪು, ಬಿಸಿ, ನಾಡಿಯಂತೆ ಮಿಡಿಯುವ ನೋವು, ಮೇಲಕ್ಕೆ ಹರಿಯುವ ಕೆಂಪು ಗೆರೆ, ಜ್ವರ ಕಂಡರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಕುಡಿಯಲು ಯೋಗ್ಯವಾದ ಹರಿಯುವ ನೀರಿನಲ್ಲಿ ಮಣ್ಣು, ಕಲ್ಲಿನ ಚೂರು ಒಂದೂ ಉಳಿಯದಂತೆ ತೊಳೆಯಿರಿ. ಇಂಥ ಗಾಯಕ್ಕೆ ಸಲೈನ್‌ಗಿಂತ ಈ ನೀರು ಕಡಿಮೆಯೇನಲ್ಲ ಎಂದು ಅಧ್ಯಯನಗಳು ತೋರಿಸಿವೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ದಿನವೂ ಸುರಿಯಬೇಡಿ. ಅವು ರೋಗಾಣುವಿನ ಜೊತೆಗೆ ಗಾಯ ಕಟ್ಟುವ ಜೀವಕೋಶಗಳನ್ನೂ ಸುಡುತ್ತವೆ. ತೊಳೆದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟದ ಪಟ್ಟಿ ಹಾಕಿದರೆ ಸಾಕು. ಪ್ರತಿ ಗಾಯಕ್ಕೂ ಆಂಟಿಬಯೋಟಿಕ್ ಮುಲಾಮು ಬೇಕೆಂದಿಲ್ಲ. 1996ರಲ್ಲಿ, ಚರ್ಮದ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 922 ಜನರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನೂ ಬ್ಯಾಸಿಟ್ರಾಸಿನ್ ಎಂಬ ಆಂಟಿಬಯೋಟಿಕ್ ಮುಲಾಮನ್ನೂ ಹೋಲಿಸಿದ್ದರು. ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಣ ಗಾಜ್ ಬಟ್ಟೆಯನ್ನು ನೇರವಾಗಿ ಗಾಯದ ಮೇಲಿಡಬೇಡಿ. ಅದು ಅಂಟಿಕೊಂಡು, ಕೀಳುವಾಗ ಅಷ್ಟು ಕಷ್ಟಪಟ್ಟು ತೆವಳಿ ಬಂದ ಹೊಸ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಈಗಾಗಲೇ ಅಂಟಿದ್ದರೆ ನೀರಿನಲ್ಲಿ ನೆನೆಸಿ ಬಿಡಿಸಿ. ಧನುರ್ವಾಯು ತಡೆಯುವ ಟಿಟಿ ಚುಚ್ಚುಮದ್ದು ಯಾವಾಗ ಆಗಿತ್ತೆಂದು ನೆನಪಿಲ್ಲದಿದ್ದರೆ ವೈದ್ಯರಿಗೆ ಹೇಳಿ.

ತೇವ ಅಂದರೆ ಒದ್ದೆ ಅಲ್ಲ. ಗಾಯದ ಸುತ್ತಲಿನ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ಆಗ ಹೆಚ್ಚು ಹೀರುವ ಡ್ರೆಸ್ಸಿಂಗ್ ಬೇಕು, ಇಲ್ಲವೇ ಬೇಗ ಬದಲಿಸಬೇಕು. ಎಲ್ಲ ಗಾಯಕ್ಕೂ ಈ ಸಲಹೆ ಅನ್ವಯಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪ್ರಾಣಿ ಕಚ್ಚಿದ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಮೊಳೆ ಚುಚ್ಚಿದಂಥ ಆಳವಾದ ಗಾಯವನ್ನು ಬಿಗಿಯಾಗಿ ಮುಚ್ಚಬಾರದು. ರಕ್ತ ಸಂಚಾರವೇ ಇಲ್ಲದೆ ಹಿಮ್ಮಡಿಯ ಮೇಲೆ ಕಪ್ಪಾಗಿ ಒಣಗಿ ಕೂತ ಗಟ್ಟಿ ಪದರವನ್ನು ತೇವ ಮಾಡಲೇಬಾರದು, ಅದು ಒಣಗಿಯೇ ಇರಲಿ.

ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣಿಗಂತೂ ಡ್ರೆಸ್ಸಿಂಗ್ ಎಷ್ಟೇ ಒಳ್ಳೆಯದಿರಲಿ, ಅದೊಂದರಿಂದ ಆಗುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠ ತಗುಲಿದವರ ಕೈಕಾಲುಗಳನ್ನು ವರ್ಷಗಟ್ಟಲೆ ನೋಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಒಂದು ಮಾತನ್ನು ಜಗತ್ತಿಗೆ ಮನದಟ್ಟು ಮಾಡಿಸಿದರು: ನೋವು ತಿಳಿಯದ ಪಾದ ಕೆಡುವುದು ಮತ್ತೆ ಮತ್ತೆ ಅದೇ ಜಾಗದ ಮೇಲೆ ಭಾರ ಬೀಳುವುದರಿಂದ. ಪಾದದ ಆಕಾರಕ್ಕೇ ಅಚ್ಚು ಹಾಕಿದ ಪ್ಲಾಸ್ಟರ್ ಆ ಭಾರವನ್ನು ಇಡೀ ಅಂಗಾಲಿಗೂ ಕಾಲಿಗೂ ಹಂಚುತ್ತದೆ. ಎಷ್ಟೋ ಕಾಲ ಮಾಯದ ಹುಣ್ಣು ಹೀಗೆ ಮಾಯುತ್ತದೆ. ಅದೇ ವಿಧಾನ ಇಂದು ಮಧುಮೇಹಿಗಳ ಪಾದಕ್ಕೂ ಬಳಕೆಯಲ್ಲಿದೆ. ಇಂಥ ಹುಣ್ಣಿರುವವರು ಮನೆಯಲ್ಲೇ ಪಟ್ಟಿ ಬದಲಿಸುತ್ತಾ ಕೂರುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೇಲೆ ಚರ್ಮ ಬಂದ ಮಾತ್ರಕ್ಕೆ ಗಾಯದ ಕೆಲಸ ಮುಗಿಯುವುದಿಲ್ಲ. ಆಳವಾದ ಗಾಯ ಮೂರು ವಾರಕ್ಕೆ ಮೊದಲಿನ ಚರ್ಮದ ಐದನೇ ಒಂದು ಪಾಲಿನಷ್ಟು ಗಟ್ಟಿಯಾಗಿರುತ್ತದೆ. ತಿಂಗಳುಗಳು ಕಳೆದರೂ ಶೇ. 80 ದಾಟುವುದು ಅಪರೂಪ. ನಿಮ್ಮ ತರಚುಗಾಯದ ಮಟ್ಟಿಗೆ ಹೊಸ ಚರ್ಮಕ್ಕೆ ಕೆಲವು ತಿಂಗಳು ಬಿಸಿಲು ತಾಕಿಸದಿದ್ದರೆ ಸಾಕು, ಕಪ್ಪು ಕಲೆ ಉಳಿಯುವುದು ಕಡಿಮೆಯಾಗುತ್ತದೆ. ಕೀಲಿನ ಮೇಲೆ ಆಳವಾಗಿ ಸುಟ್ಟವರ ಕಥೆ ಬೇರೆ. ಗಾಯದಲ್ಲಿ ಹುಟ್ಟುವ ಮಯೋಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಸ್ನಾಯುವಿನಂತೆ ಎಳೆಯುತ್ತವೆ. ಇವನ್ನು 1971ರಲ್ಲಿ ಸಂಶೋಧಕ ಗಬ್ಬಿಯಾನಿ ಮತ್ತು ಸಂಗಡಿಗರು ಗುರುತಿಸಿದರು. ಈ ಸೆಳೆತಕ್ಕೆ ಕೀಲು ಮಡಚಿಕೊಂಡು ಸೆಟೆದುಬಿಡಬಹುದು. ಮಲಗಿದಾಗ ಹಾಯೆನಿಸುತ್ತದೆಂದು ಸುಟ್ಟ ಮೊಣಕಾಲಿನ ಕೆಳಗೆ ದಿಂಬಿಡುತ್ತಾರೆ. ಕಾಲು ಮಡಚಿದಂತೆಯೇ ಬಿಗಿದುಕೊಳ್ಳುವುದು ಆಗಲೇ. ಆ ದಿಂಬು ಬೇಡ. ಕಾಲು ನೇರವಾಗಿರಲಿ, ರಾತ್ರಿ ಕಾಲನ್ನು ನೇರವಾಗಿ ಹಿಡಿದಿಡುವ ಆಸರೆಪಟ್ಟಿ (ಸ್ಪ್ಲಿಂಟ್) ಇರಲಿ, ನೋವಿದ್ದರೂ ಫಿಸಿಯೋಥೆರಪಿಸ್ಟ್ ಹೇಳಿದಷ್ಟು ದಿನವೂ ಚಾಚಿ ಮಡಚಬೇಕು. ಉಬ್ಬಿದ ಕಲೆಗೆ ಸಿಲಿಕೋನ್ ಹಾಳೆ ಹಚ್ಚುವುದೂ ಇದೆ, ತಿಂಗಳುಗಟ್ಟಲೆ ಹಚ್ಚಬೇಕು. ಕಲೆ ಮೆತ್ತಗಾಗಲು ವರ್ಷ ಹಿಡಿದರೂ ಹಿಡಿದೀತು. ಹಾಗಾಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನವೇ ಫಿಸಿಯೋಥೆರಪಿಗೆ ಮತ್ತೆ ಬರಬೇಕಾದ ತಾರೀಕನ್ನೂ ಬರೆಸಿಕೊಳ್ಳಿ.