‘ಮಾಡೀವ್ರಿ’ ಅಂದರೆ ಯಾರು ಮಾಡಿದ್ದು?

“ಎಲ್ಲಾರೂ ಕೂಡಿ ಮಾಡೀವ್ರಿ ಸರ್.” ಕಲಬುರಗಿ, ಬೀದರ್, ಯಾದಗಿರಿ ಕಡೆಯ ಅಭ್ಯರ್ಥಿಗಳ ಅಣಕು ಸಂದರ್ಶನಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತಿದು. ‘ನಾ ಮಾಡೀನಿ’ ಅನ್ನುವುದು ನಮ್ಮ ಕಡೆ ದೊಡ್ಡಸ್ತಿಕೆ. ಹಿರಿಯರ ಎದುರು ಹಾಗೆ ಮಾತಾಡಬಾರದು ಎಂದು ಮನೆಯಲ್ಲೇ ಕಲಿತಿರುತ್ತೇವೆ. ಆದರೆ ಸಾಮರ್ಥ್ಯ ಆಧಾರಿತ ಸಂದರ್ಶನದಲ್ಲಿ, ಅಂದರೆ ಹಿಂದೆ ನೀವು ಏನು ಮಾಡಿದಿರಿ ಎಂದು ಕೇಳಿ ಅಳೆಯುವ ಸಂದರ್ಶನದಲ್ಲಿ, ಅಂಕ ಕೊಡುವುದು ಗುಂಪಿಗಲ್ಲ, ಎದುರು ಕೂತ ಒಬ್ಬರಿಗೆ. ಕೂಡಿ ಮಾಡಿದ ಕೆಲಸದಲ್ಲಿ ನಿಮ್ಮ ಪಾಲೇನು ಎಂದು ಗೊತ್ತಾಗದಿದ್ದರೆ ಸಮಿತಿಯವರು ಬರೆದುಕೊಳ್ಳುವುದಾದರೂ ಏನನ್ನು?

ಮೊದಲು ಅಧಿಸೂಚನೆ ಓದಿ, ನಿಮ್ಮ ಹುದ್ದೆಗೆ ಸಂದರ್ಶನ ಇದೆಯೇ ನೋಡಿಕೊಳ್ಳಿ. ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವಿಲ್ಲ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳಲ್ಲಿ 275 ವ್ಯಕ್ತಿತ್ವ ಪರೀಕ್ಷೆಯವು, ಅಂದರೆ ಸಂದರ್ಶನದವು. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಪ್ರೊಬೇಷನರಿ ಆಫೀಸರ್ ಆಯ್ಕೆಯಲ್ಲಿ ಲಿಖಿತ ಮತ್ತು ಸಂದರ್ಶನದ ಪ್ರಮಾಣ 80:20.

ಸಾಮರ್ಥ್ಯ ಅಂದರೆ ಇಲ್ಲಿ ಕೆಲಸದಲ್ಲಿ ಕಣ್ಣಿಗೆ ಕಾಣುವ ನಡೆ. ಕೇಂದ್ರ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಸಾಮರ್ಥ್ಯ ನಿಘಂಟಿನಲ್ಲಿ ಇಂಥ 25 ಇವೆ: ಜನರೇ ಮೊದಲು ಎಂಬ ಧೋರಣೆ, ಪ್ರಾಮಾಣಿಕತೆ, ವಿವರಗಳ ಮೇಲೆ ಗಮನ, ಹೊಣೆ ಹೊರುವುದು, ನಿರ್ಧಾರ, ಸಹಾನುಭೂತಿ, ಯೋಜನೆ ಮತ್ತು ಸಮನ್ವಯ ಹೀಗೆ. ಇಪ್ಪತ್ತೈದನ್ನೂ ಬಾಯಿಪಾಠ ಮಾಡುವುದರಿಂದ ಏನೂ ಬರುವುದಿಲ್ಲ. ನಿಮ್ಮ ಹುದ್ದೆಯ ಕರ್ತವ್ಯಗಳ ಪಟ್ಟಿ ಮುಂದಿಟ್ಟುಕೊಂಡು ಅದಕ್ಕೆ ತೀರಾ ಬೇಕಾದ ಆರೇಳನ್ನು ಆರಿಸಿ, ಒಂದು ನೋಟ್‌ಬುಕ್‌ನಲ್ಲಿ ಒಂದೊಂದಕ್ಕೆ ಒಂದು ಪುಟ ಬಿಡಿ. ನಿಮ್ಮ ಬದುಕಿನ ಎಂಟು ಪ್ರಸಂಗಗಳು ಆ ಪುಟಗಳಲ್ಲಿ ತುಂಬಬೇಕು. ಒಂದೇ ಪ್ರಸಂಗ ಎರಡು ಪುಟಕ್ಕೆ ಹೊಂದಿದರೆ ಒಳ್ಳೆಯದೇ. ನೌಕರಿ ಮಾಡಿಲ್ಲ ಎಂದು ಹಿಂಜರಿಯಬೇಡಿ. ಎನ್‌ಎಸ್‌ಎಸ್ ಶಿಬಿರ, ಅವ್ವನ ಸ್ವಸಹಾಯ ಸಂಘದ ಲೆಕ್ಕ, ಹೊಲದ ಕೂಲಿ ಬಟವಾಡೆ ಎಲ್ಲವೂ ನಡೆಯುತ್ತವೆ.

ಈಗ ಒಂದು ಉತ್ತರವನ್ನು ಹತ್ತಿರದಿಂದ ನೋಡೋಣ. ಪ್ರಶ್ನೆ: “ಬೇರೆಯವರ ತೊಂದರೆಯೊಂದನ್ನು ನೀವಾಗಿ ಮುಂದೆ ಬಂದು ಬಗೆಹರಿಸಿದ ಸಂದರ್ಭ ಹೇಳಿ.” ಸಾಮಾನ್ಯವಾಗಿ ಬರುವ ಉತ್ತರ: “ನಮ್ಮೂರಾಗ ತೊಗರಿ ಖರೀದಿ ಕೇಂದ್ರದ ನೋಂದಣಿಗೆ ರೈತರಿಗೆ ಭಾಳ ತೊಂದ್ರಿ ಇತ್ರಿ. ನಾವೆಲ್ಲಾ ಹುಡುಗರು ಸಹಾಯ ಮಾಡೀವ್ರಿ. ಛಲೋ ಆಯ್ತ್ರಿ.”

ಅದೇ ಪ್ರಸಂಗವನ್ನು ಹೀಗೆ ಹೇಳಿದರೆ? “ನಮ್ಮೂರಿನ 23 ರೈತರ ನೋಂದಣಿ ನಿಂತಿತ್ತು ಸರ್. ನಾನು ಎಲ್ಲರ ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ) ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿದೆ. 14 ಜನರ ಬೆಳೆ ಸಮೀಕ್ಷೆಯಲ್ಲಿ ತೊಗರಿ ಬದಲು ಬೇರೆ ಬೆಳೆ ಇತ್ತು. 6 ಜನರ ಹೆಸರು ಪಹಣಿಯಲ್ಲೊಂದು, ಆಧಾರ್‌ನಲ್ಲೊಂದು ಇತ್ತು. 3 ಜನರಿಗೆ ಎಫ್‌ಐಡಿಯೇ ಇರಲಿಲ್ಲ. ಸುಲಭವಾಗಿ ಆಗುವುದು ಮೊದಲು ಎಂದು ಆ ಮೂವರನ್ನು ರೈತ ಸಂಪರ್ಕ ಕೇಂದ್ರಕ್ಕೆ ಕರೆದೊಯ್ದೆ. ಉಳಿದವರ ಅರ್ಜಿ ನಾನೇ ಬರೆದುಕೊಟ್ಟೆ. ಕೊನೆಗೆ 19 ಜನರದಾಯಿತು. ನಾಲ್ವರದು ಆಗಲಿಲ್ಲ, ಗಡುವು ಮುಗಿದಿತ್ತು. ಬೆಳೆ ತಿದ್ದುಪಡಿಗೆ ಹೆಚ್ಚು ದಿನ ಹಿಡಿಯುತ್ತದೆ, ಅದನ್ನೇ ಮೊದಲು ಕೈಗೆತ್ತಿಕೊಳ್ಳಬೇಕಿತ್ತು.”

ಇಲ್ಲಿ ಒಂದು ಹಾಳೆಯ ಪಟ್ಟಿ ವಿವರಗಳ ಮೇಲಿನ ಗಮನವನ್ನು ತೋರಿಸಿತು, ತೊಂದರೆಯನ್ನು ಮೂರಾಗಿ ಒಡೆದದ್ದು ಯೋಜನೆಯನ್ನು. ಆಗದೇ ಉಳಿದ ನಾಲ್ಕರ ಲೆಕ್ಕ ಮುಚ್ಚಿಡದೆ ಹೇಳಿದ್ದಕ್ಕೆ ಹೊಣೆಗಾರಿಕೆಯ ಅಂಕ. ಬಹಳ ಜನ ಈ ಕೊನೆಯ ಭಾಗವನ್ನೇ ಬಿಟ್ಟುಬಿಡುತ್ತಾರೆ, ಅದು ದೊಡ್ಡ ನಷ್ಟ.

ಕೋಚಿಂಗ್‌ನವರು ಹೇಳಿಕೊಡುವ ‘ಸ್ಟಾರ್’ ಕ್ರಮವೂ ಇದೇ: ಸಂದರ್ಭ, ಹೊಣೆ, ಕ್ರಿಯೆ, ಫಲ. ಕ್ರಮ ಸರಿಯಾಗಿದ್ದರೂ ಸಮಯ ಹಂಚುವಲ್ಲಿ ಎಡವುತ್ತಾರೆ. ಎರಡು ನಿಮಿಷದ ಉತ್ತರದಲ್ಲಿ ಒಂದೂವರೆ ನಿಮಿಷ ಊರಿನ ಪರಿಸ್ಥಿತಿಗೇ ಹೋಗುತ್ತದೆ. ಸಂದರ್ಭ ಮತ್ತು ಹೊಣೆ ಸೇರಿ 30 ಸೆಕೆಂಡಿನಲ್ಲಿ ಮುಗಿಯಲಿ, ಒಂದು ನಿಮಿಷಕ್ಕೂ ಹೆಚ್ಚು ನೀವು ಮಾಡಿದ್ದಕ್ಕೆ ಇರಲಿ.

ಕ್ರಿಯಾಪದದ ಕೊನೆಯ ಅಕ್ಷರಗಳ ಮೇಲೆ ಕಿವಿ ಇಡಿ. ‘ಮಾಡಿದೆವು’ ಅಂದಾಗ ನೀವು ಗುಂಪಿನಲ್ಲಿ ಕರಗಿದಿರಿ. ‘ಮಾಡಲಾಯಿತು’ ಅಂದಾಗ ಮಾಡಿದವರೇ ಇಲ್ಲ. ಇದು ಕಚೇರಿ ಟಿಪ್ಪಣಿಯ ಭಾಷೆ, ಗಂಭೀರವಾಗಿ ಕೇಳಿಸುತ್ತದೆಂದು ಅಭ್ಯರ್ಥಿಗಳು ಬಳಸುತ್ತಾರೆ. ಹಿಂದೆ ಏನು ಮಾಡಿದಿರಿ ಎಂದು ಕೇಳಿದಾಗ ‘ಮಾಡುತ್ತೇನೆ’ ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು, ಅನುಭವ ಇಲ್ಲವೆಂದು ನೀವೇ ಒಪ್ಪಿಕೊಂಡಂತೆ. ‘ಮಾಡಿದೆ’ ಅನ್ನಿ. ಜೊತೆಗಿದ್ದವರನ್ನೂ ನೆನೆಯಿರಿ: “ವಾಹನದ ವ್ಯವಸ್ಥೆ ಗೆಳೆಯರದು, ಪಟ್ಟಿ ನನ್ನದು.” ಹೀಗೆಂದರೆ ದೊಡ್ಡಸ್ತಿಕೆಯೂ ಆಗದು. ನಮ್ಮ ಭಾಗದ ‘ರಿ’ ಮರ್ಯಾದೆಯ ಅಕ್ಷರ, ಅದನ್ನು ಕಷ್ಟಪಟ್ಟು ನುಂಗಬೇಕಿಲ್ಲ.

‘ಹೀಗಾದರೆ ಏನು ಮಾಡುವಿರಿ’ ಎಂಬ ಪ್ರಶ್ನೆ ಬೇರೆ ಜಾತಿಯದು, ಅಲ್ಲಿ ಭವಿಷ್ಯದ ಮಾತೇ ಸರಿ. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ಭೀಮೆಗೆ ನೀರು ಬಿಟ್ಟಿದ್ದಾರೆ, ನದಿದಂಡೆಯ ಊರಿನವರು ಮನೆ ಬಿಡಲು ಒಪ್ಪುತ್ತಿಲ್ಲ ಅಂದುಕೊಳ್ಳಿ. ‘ಜನರ ಮನವೊಲಿಸುತ್ತೇನೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾಕೆ ಒಪ್ಪುತ್ತಿಲ್ಲ ಎಂಬುದರಿಂದ ಶುರು ಮಾಡಿ. ಎಷ್ಟೋ ಸಲ ಅವರನ್ನು ತಡೆಯುವುದು ದನಕರು. ಜಾನುವಾರಿಗೆ ಎತ್ತರದ ಜಾಗ ಮತ್ತು ಮೇವು ಮೊದಲು, ಆಮೇಲೆ ಬಾಣಂತಿಯರು, ಮುದುಕರು, ಮಕ್ಕಳು ಕಾಳಜಿ ಕೇಂದ್ರಕ್ಕೆ, ಪ್ರತಿ ಓಣಿಗೆ ಒಬ್ಬ ಸಿಬ್ಬಂದಿ, ಇಷ್ಟು ಗಂಟೆಗೆ ತಹಶೀಲ್ದಾರರಿಗೆ ವರದಿ. ಆ ಊರು ಬಲ್ಲ ಮನುಷ್ಯ ಎಂದು ಸಮಿತಿಗೆ ಅನ್ನಿಸುವುದು ಇಂಥ ವಿವರದಿಂದ.

ಕಟ್ಟುಕಥೆ ಬೇಡ. ಮೊದಲ ಪ್ರಶ್ನೆಗೇನೋ ಅದು ತಾಳಿಕೊಳ್ಳುತ್ತದೆ. ಆದರೆ “ಯಾರು ವಿರೋಧಿಸಿದರು? ಅವರಿಗೆ ಏನು ಹೇಳಿದಿರಿ? ಆ ಹಾಳೆ ಈಗ ಎಲ್ಲಿದೆ?” ಎಂದು ಮೂರು ಸಲ ಅಗೆದರೆ ಕುಸಿಯುತ್ತದೆ. ಸಣ್ಣದಾದರೂ ನಿಜವಾದ ಪ್ರಸಂಗಕ್ಕೆ ಉಪಪ್ರಶ್ನೆ ಬಂದಷ್ಟೂ ಬಲ.

ತಾಲೀಮಿಗೆ ನಿಮ್ಮ ಕಥೆ ಗೊತ್ತಿಲ್ಲದವರನ್ನೇ ಕೂರಿಸಿಕೊಳ್ಳಿ. ಓದಿದ ಗೆಳೆಯರೇ ಆಗಬೇಕಿಲ್ಲ, ದೊಡ್ಡಪ್ಪನೋ ಪಕ್ಕದ ಮನೆಯ ಅಕ್ಕನೋ ಸಾಕು. “ಆಮ್ಯಾಲೆ? ನೀ ಏನ್ ಮಾಡ್ದಿ?” ಎಂದು ಕೇಳುತ್ತ ಹೋಗುವುದಷ್ಟೇ ಅವರ ಕೆಲಸ. ಫೋನಿನಲ್ಲಿ ಧ್ವನಿ ಮುದ್ರಿಸಿ, ಕೇಳುವಾಗ ಪ್ರತಿ ‘ಮಾಡಿದೆವು’ಗೆ ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಬಿದ್ದಲ್ಲೆಲ್ಲ ನಿಲ್ಲಿಸಿ, ಅಲ್ಲಿ ನಿಮ್ಮ ಕೈ ಏನು ಮಾಡುತ್ತಿತ್ತು ಎಂದು ನೆನಪಿಸಿಕೊಂಡು ಆ ವಾಕ್ಯವನ್ನಷ್ಟೇ ಮತ್ತೆ ಹೇಳಿ.