ಮಗ್ಗ ನಿಂತರೆ ತಿಳಿದಿಲ್ಲ ಅಂತ ಅರ್ಥ

"ದಿನಾ ಓದತಾನ್ರಿ ಅಕ್ಕೋರ. ಸಂಜಿಗೆ ಕುಂತಂವ ಊಟಕ್ಕ ಏಳತಾನ. ಮತ್ತ ಮಾರ್ಕ್ಸ್ ಯಾಕ ಬರವಲ್ಲುವು?"

ಪೂರ್ವಸಿದ್ಧತಾ ಪರೀಕ್ಷೆಯ ಅಂಕಪಟ್ಟಿ ಕೊಟ್ಟ ದಿನ ಈ ಪ್ರಶ್ನೆ ತಪ್ಪದೆ ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 22 ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಮೊದಲು ಬನಹಟ್ಟಿ ಕಡೆ, ಆಮೇಲೆ ಗುಳೇದಗುಡ್ಡ, ಈಗ ನವನಗರ. ಊರು ಬದಲಾದರೂ ಪ್ರಶ್ನೆ ಅದೇ. ಕೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಹುಡುಗ ನಿಜವಾಗಿಯೂ ಪುಸ್ತಕ ಹಿಡಿದು ಕೂತಿರುತ್ತಾನೆ. ಪಾಠದ ಮೇಲೆಲ್ಲ ಹಳದಿ, ಗುಲಾಬಿ ಗೆರೆ ಎಳೆದಿರುತ್ತಾನೆ. ಐದು ಸಲ ಓದಿರುತ್ತಾನೆ. ತೊಂದರೆ ಇರುವುದು ಅಲ್ಲೇ. ಐದು ಸಲ *ಓದಿರುತ್ತಾನೆ*, ಒಂದು ಸಲವೂ ಪುಸ್ತಕ ಮುಚ್ಚಿ ಹೇಳಿರುವುದಿಲ್ಲ.

ಜಾತ್ರೆಯಲ್ಲಿ ಯಾರೋ ಎದುರಿಗೆ ಬಂದು "ಆರಾಮ ಇದ್ದೀರ್ಯಾ?" ಅನ್ನುತ್ತಾರೆ. ಮುಖ ಚೆನ್ನಾಗಿ ಗುರುತಿದೆ, ಆದರೆ ಹೆಸರು ನಾಲಿಗೆಗೆ ಬರುವುದಿಲ್ಲ. ಹತ್ತು ಸಲ ನೋಡಿದ ಮುಖವೇ! ಓದಿದ್ದನ್ನೇ ಓದುವ ಮಕ್ಕಳ ಕಥೆಯೂ ಇದೇ. ಐದನೇ ಸಲ ಓದುವಾಗ ಪ್ರತಿ ಸಾಲೂ ಪರಿಚಿತ. "ಇದು ನಂಗ ಬರ್ತೈತಿ" ಅನ್ನಿಸಿಬಿಡುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಮುಖವನ್ನಲ್ಲ, ಹೆಸರನ್ನು. ಎದುರಿಗೆ ಖಾಲಿ ಹಾಳೆ, ಪುಸ್ತಕ ಇಲ್ಲ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಉಳಿದ ಮೂರು ಸುತ್ತು ಪಾಠ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ: ಅವರು ಶೇಕಡಾ 83 ನೆನಪಿಟ್ಟಿದ್ದರು, ಬರೆದವರು 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು. ಓದಿದವರಲ್ಲಿ ಉಳಿದದ್ದು 40, ಬರೆದವರಲ್ಲಿ 61. ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇನ್ನೊಂದು. ತಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಜಾಸ್ತಿ ನಂಬಿಕೆ ಇದ್ದದ್ದು ಓದಿದ ಗುಂಪಿಗೇ. ನಮ್ಮ ಹುಡುಗ ಹಾಲ್‌ನಿಂದ ಹೊರಗೆ ಬಂದು "ಎಲ್ಲಾ ಓದಿದ್ದೆ, ಒಳಗ ಹೋದಮ್ಯಾಲೆ ಮರತಹೋತು" ಅನ್ನುತ್ತಾನಲ್ಲ, ಅವನೂ ಆ ಗುಂಪಿನವನೇ.

ಇಷ್ಟು ಹೇಳಿದರೆ ತಂದೆ ತಾಯಿ ಮುಂದಿನ ಪ್ರಶ್ನೆ ಕೇಳುತ್ತಾರೆ. "ನಮಗ ಸೈನ್ಸ್ ತಿಳಿಯೂದುಲ್ರಿ. ನಾವ ಏನ ಹೇಳಿಕೊಡೂದು?" ಹೇಳಿಕೊಡುವುದು ಬೇಡ, ಕೇಳಿಸಿಕೊಳ್ಳಿ ಸಾಕು ಅನ್ನುತ್ತೇನೆ. ಇದನ್ನು ನನಗೆ ಕಲಿಸಿದ್ದು ಗುಳೇದಗುಡ್ಡದ ಒಬ್ಬ ನೇಕಾರರು.

ಅವರ ಮಗ ಪೂರ್ವಸಿದ್ಧತಾದಲ್ಲಿ ವಿಜ್ಞಾನಕ್ಕೆ 80ಕ್ಕೆ 24 ತೆಗೆದಿದ್ದ. ಒಂದು ಸಂಜೆ ಅವರ ಮನೆಗೆ ಹೋದೆ. ಒಳಗೆ ಗುಂಡಿ ಮಗ್ಗ. ತಂದೆ ಖಣ ನೇಯುತ್ತಿದ್ದರು. ಕಲಿತದ್ದು ನಾಲ್ಕನೇ ತರಗತಿ ಅಂತ ಅವರೇ ಹೇಳಿದರು. ನಾನು ಹುಡುಗನ ಕೈಯಿಂದ ಪುಸ್ತಕ ತೆಗೆದುಕೊಂಡು, "ಹೃದಯದಾಗ ರಕ್ತ ಹೆಂಗ ಓಡಾಡತೈತಿ, ನಿಮ್ಮಪ್ಪಾಗ ಹೇಳು" ಅಂದೆ. ಹುಡುಗ ಹಾಳೆಯ ಮೇಲೆ ಚಿತ್ರ ಬರೆದು ಶುರು ಮಾಡಿದ. ತಂದೆ ನೇಯುತ್ತಲೇ ಕೇಳುತ್ತಿದ್ದರು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು.

"ಅಶುದ್ಧ ರಕ್ತ ಮೊದಲ ಬಲ ಹೃತ್ಕರ್ಣಕ್ಕ ಬರ್ತೈತಿ..."

ಮಗ್ಗ ನಿಂತಿತು.

"ಬಲಕ್ಕ ಅಂತಿ. ಬಟ್ಟ ಎಡಕ್ಕ ಇಟ್ಟೀಯಲ್ಲೋ?"

ಹುಡುಗ ಚಿತ್ರ ನೋಡಿದ, ನನ್ನನ್ನು ನೋಡಿದ. ಪಾಠವನ್ನು ಎಷ್ಟು ಸಲ ಓದಿದ್ದನೋ, ಈ ಪ್ರಶ್ನೆ ಅವನಿಗೆ ಬಂದಿರಲೇ ಇಲ್ಲ. ಪುಸ್ತಕದಲ್ಲಿ ಹೃದಯದ ಬಲಭಾಗವನ್ನು ಹಾಳೆಯ ಎಡಕ್ಕೆ ತೋರಿಸಿರುತ್ತಾರೆ. ಚಿತ್ರದ ಮನುಷ್ಯ ನಮ್ಮ ಎದುರಿಗೆ ಮುಖ ಮಾಡಿ ನಿಂತಿದ್ದಾನೆ ಅಂತ ಲೆಕ್ಕ. ಎದುರಿಗೆ ನಿಂತವನ ಬಲಗೈ ನಮ್ಮ ಎಡಕ್ಕೆ ಬರುತ್ತದಲ್ವಾ? ನಾನು ಹೇಳಿಬಿಡಬಹುದಿತ್ತು, ಸುಮ್ನೆ ಕೂತೆ. ಹುಡುಗ ಪುಸ್ತಕ ತೆಗೆದ, ಹುಡುಕಿದ. ಕೊನೆಗೆ ಎದ್ದು ಅಪ್ಪನ ಎದುರಿಗೆ ನಿಂತು ತನ್ನ ಎದೆ ಮುಟ್ಟಿ ನೋಡಿಕೊಂಡ. "ಹಾಂ, ತಿಳೀತು" ಅಂದ. ಲಾಳಿ ಮತ್ತೆ ಓಡಿತು. ಬಲ ಹೃತ್ಕರ್ಣದಿಂದ ಬಲ ಹೃತ್ಕುಕ್ಷಿ, ಅಲ್ಲಿಂದ ಶ್ವಾಸಕೋಶ, ಮರಳಿ ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಆಮೇಲೆ ಮೈಗೆಲ್ಲ. ನಡುವೆ ಮಗ್ಗ ಇನ್ನೂ ಎರಡು ಸಲ ನಿಂತಿತು.

ಅವತ್ತಿನಿಂದ ಆ ಮನೆಯಲ್ಲಿ ಅದೇ ಪದ್ಧತಿ ಆಯಿತು. ದಿನಾ ರಾತ್ರಿ ಇಪ್ಪತ್ತು ನಿಮಿಷ, ಒಂದು ಪಾಠದ ಒಂದು ತುಂಡು. ಹುಡುಗ ಹೇಳುತ್ತಾನೆ, ತಂದೆ ನೇಯುತ್ತಾರೆ. ಮಗ್ಗ ನಿಂತರೆ ತಿಳಿದಿಲ್ಲ ಅಂತ ಅರ್ಥ. ತಂದೆಗೆ ತಿಳಿಯದಿದ್ದರೆ ಬಹಳ ಸಲ ಮಗನಿಗೂ ತಿಳಿದಿರುವುದಿಲ್ಲ.

ನಿಮ್ಮ ಮನೆಯಲ್ಲಿ ಮಗ್ಗ ಇರಬೇಕೆಂದಿಲ್ಲ. ರೊಟ್ಟಿ ಬಡಿಯುವಾಗ ಕೇಳಬಹುದು, ಅಂಗಡಿ ಗಲ್ಲೆಯ ಮೇಲೆ ಕೂತು ಕೇಳಬಹುದು. ಪುಸ್ತಕ ಮುಚ್ಚಿಸಿ. "ಇವತ್ತ ಏನ ಓದಿದಿ, ನನಗ ತಿಳಿಯೂ ಹಂಗ ಹೇಳು" ಅನ್ನಿ. ನಡುವೆ "ಯಾಕ?" "ಮುಂದ?" "ಚಿತ್ರ ತಗದ ತೋರಸು" ಅಂದರೆ ಸಾಕು. ತಡವರಿಸಿದರೆ ಬೈಯಬೇಡಿ. ತಡವರಿಸಿದ ಜಾಗವೇ ಓದಬೇಕಾದ ಜಾಗ, ಅದು ಸಿಕ್ಕಿದ್ದೇ ಲಾಭ. ಮೊದಲು ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಒದ್ದಾಡಲಿ, ಆಮೇಲೆ ಪುಸ್ತಕ ತೆಗೆಯಲಿ. ಒಂದು ಎಚ್ಚರಿಕೆ ಮಾತ್ರ. ತಪ್ಪು ಹೇಳಿ ಹಾಗೇ ಎದ್ದು ಹೋಗಬಾರದು. ಪುಸ್ತಕ ನೋಡಿ ಸರಿ ಮಾಡಿಕೊಂಡೇ ಏಳಬೇಕು.

ಹೇಳಿದ್ದೂ ಮರೆಯುತ್ತದೆ, ಅದು ಸಹಜ. ಅದಕ್ಕೆ ಅದೇ ಪಾಠವನ್ನು ಒಂದೇ ದಿನ ನಾಲ್ಕು ಸಲ ಕೇಳುವ ಬದಲು ಇವತ್ತು, ನಾಡಿದ್ದು, ಮುಂದಿನ ವಾರ ಅಂತ ಬಿಟ್ಟು ಬಿಟ್ಟು ಕೇಳಬೇಕು. ನಾನು ತಾಯಂದಿರಿಗೆ ಸಂತೆಯ ಲೆಕ್ಕ ಹೇಳುತ್ತೇನೆ. ನಿಮ್ಮೂರ ಸಂತೆ ಯಾವ ದಿನವೋ ಆ ದಿನ ಹೊಸ ಪಾಠ ಬೇಡ. ಹೋದ ಸಂತೆಯಿಂದ ಈ ಸಂತೆವರೆಗೆ ಓದಿದ್ದನ್ನು ಮಾತ್ರ ಕೇಳಿ. ಕ್ಯಾಲೆಂಡರ್ ನೋಡುವ ಕೆಲಸವೂ ಇಲ್ಲ.

ಲೆಕ್ಕಗಳ ವಿಷಯ ಬೇರೆ. ಅಲ್ಲಿ ಬಾಯಲ್ಲಿ ಹೇಳಿದರೆ ಆಗದು, ಬಿಡಿಸಲೇಬೇಕು. ಮಕ್ಕಳು ಸಾಮಾನ್ಯವಾಗಿ ದರ್ಪಣದ ಹತ್ತು ಲೆಕ್ಕ ಒಟ್ಟಿಗೆ ಮಾಡುತ್ತಾರೆ, ಆಮೇಲೆ ಮಸೂರದ ಹತ್ತು. ಎಲ್ಲಾ ಸರಿ ಬರುತ್ತವೆ, ಖುಷಿಯೋ ಖುಷಿ. ಪರೀಕ್ಷೆಯಲ್ಲಿ ಎರಡೂ ಕಲಸಿ ಬರುತ್ತವೆ. ದರ್ಪಣದ ಸೂತ್ರದಲ್ಲಿ ಕೂಡಿಸಬೇಕು, ಮಸೂರದ ಸೂತ್ರದಲ್ಲಿ ಕಳೆಯಬೇಕು. ಅಲ್ಲಿ ಅದಲು ಬದಲು ಮಾಡಿ ಬರುವ ಉತ್ತರಪತ್ರಿಕೆಗಳನ್ನು ಪ್ರತಿ ವರ್ಷ ನೋಡುತ್ತೇನೆ. ಸೂತ್ರ ಬರುತ್ತದೆ, ಯಾವುದನ್ನು ಎಲ್ಲಿ ಹಾಕಬೇಕು ಅನ್ನುವುದು ಬರುವುದಿಲ್ಲ. ಆದ್ದರಿಂದ ಬೇರೆ ಬೇರೆ ಪಾಠದ ಲೆಕ್ಕಗಳನ್ನು ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ, ದಿನಾ ಐದು ಎತ್ತಲಿ. ಚೀಟಿ ಎತ್ತುವ ಕೆಲಸ ಮನೆಯ ಸಣ್ಣ ಮಕ್ಕಳಿಗೆ ಕೊಟ್ಟರೆ ಅವರಿಗೂ ಹಬ್ಬ.

ಇದರ ಜೊತೆ ಒಂದು ತಪ್ಪಿನ ವಹಿ ಇರಲಿ. ತಪ್ಪಾದ ಲೆಕ್ಕ ಮಾತ್ರ ಅದರಲ್ಲಿ, ಪಕ್ಕದಲ್ಲಿ ಎಲ್ಲಿ ತಪ್ಪಿತು ಅಂತ ಒಂದು ಸಾಲು. ಪರೀಕ್ಷೆ ಹಿಂದಿನ ದಿನ ಅದೊಂದನ್ನು ನೋಡಿದರೆ ಸಾಕು. ಇಡೀ ಗೈಡ್ ತಿರುವುವುದಕ್ಕಿಂತ ಅದು ಮೇಲು.

ನಿದ್ದೆಯ ವಿಷಯದಲ್ಲಿ ನಾನೇ ತಪ್ಪು ಮಾಡಿದವಳು. ನನ್ನ ಮಗ ಎಸ್‌ಎಸ್‌ಎಲ್‌ಸಿ ಇದ್ದಾಗ ಬೆಳಿಗ್ಗೆ 4ಕ್ಕೆ ಎಬ್ಬಿಸಿ ಚಹಾ ಕೊಟ್ಟು ಕೂರಿಸುತ್ತಿದ್ದೆ. ನಮ್ಮಪ್ಪ ನಮ್ಮನ್ನು ಹಾಗೇ ಎಬ್ಬಿಸುತ್ತಿದ್ದರು, ನಾವು ಓದಲಿಲ್ವಾ ಅಂತ. ಒಂದು ದಿನ ನೋಡಿದರೆ ಹುಡುಗ ಪುಸ್ತಕದ ಮೇಲೆ ಹಣೆ ಇಟ್ಟು ಮಲಗಿದ್ದಾನೆ, ಚಹಾ ತಣ್ಣಗಾಗಿ ಕೆನೆ ಕಟ್ಟಿದೆ. ನಾವು ಚಿಕ್ಕವರಿದ್ದಾಗ ರಾತ್ರಿ 8ಕ್ಕೆ ಮಲಗುತ್ತಿದ್ದೆವು ಅನ್ನುವುದನ್ನು ನಾನು ಮರೆತಿದ್ದೆ. ಅವನು ಮಲಗುತ್ತಿದ್ದದ್ದು 11ಕ್ಕೆ. ಹದಿಹರೆಯದಲ್ಲಿ ಮೈಯೊಳಗಿನ ಗಡಿಯಾರವೇ ತಡವಾಗಿ ಓಡುತ್ತದೆ. ರಾತ್ರಿ ಬೇಗ ನಿದ್ದೆ ಬರುವುದಿಲ್ಲ, ನಸುಕಿನಲ್ಲಿ ಎಚ್ಚರ ಆಗುವುದಿಲ್ಲ. ಅದು ಸೋಮಾರಿತನ ಅಲ್ಲ. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ಓದಿದ್ದು ನೆಲೆ ನಿಲ್ಲುವುದಕ್ಕೂ ಆ ನಿದ್ದೆ ಬೇಕು. ಬೇಗ ಏಳಿಸಲೇಬೇಕು ಅನ್ನುವವರು ಮೊದಲು ಬೇಗ ಮಲಗಿಸಿ ತೋರಿಸಿ. ಮಾರ್ಚ್ ಬಂತೆಂದರೆ ನಮ್ಮ ಕಡೆ ಒಳಗೆ ಮಲಗುವುದೇ ಕಷ್ಟ. ಮಾಳಿಗೆ ಮೇಲೆ ಹಾಸಿಕೊಟ್ಟರೆ ಅದೂ ಪರೀಕ್ಷೆಗೆ ಸಹಾಯವೇ.

ಮೊಬೈಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಓದುವಾಗ ಬೇರೆ ಕೋಣೆಯಲ್ಲಿರಲಿ. ಅಪ್ಪನ ರೀಲ್ಸ್ ಸದ್ದೂ ಆ ಕೋಣೆಯಲ್ಲೇ ಇರಲಿ.

ಬನಶಂಕರಿ ಜಾತ್ರೆಯ ಹೊತ್ತಿಗೆ ಇನ್ನೊಂದು ಜಗಳ. ಬಾದಾಮಿ ಸುತ್ತಮುತ್ತಲಿನ ಮಕ್ಕಳಿಗೆ ಬನದ ಹುಣ್ಣಿಮೆ ಅಂದರೆ ತೇರು, ನಾಟಕ, ಮಿಠಾಯಿ. ಪರೀಕ್ಷೆ ಇದೆ ಅಂತ ಮನೆಯಲ್ಲಿ ಕೂಡಿ ಹಾಕಿದರೆ ಆ ಹುಡುಗ ಪುಸ್ತಕದಲ್ಲೂ ತೇರನ್ನೇ ನೋಡುತ್ತಾನೆ. ಒಂದು ದಿನ ಹೋಗಿ ಬರಲಿ. ಮರುದಿನ ಓದದಿದ್ದರೆ ನನ್ನನ್ನು ಕೇಳಿ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬರುತ್ತದೆ. ಪರೀಕ್ಷೆ ಹತ್ತಿರ ಬಂದರೆ ಹುಡುಗನಿಗೆ ಹಾಲು, ಹುಡುಗಿಗೆ ಪಾತ್ರೆ. ನೇಕಾರರ ಮನೆಯಾದರೆ ಕಂಡಿಕೆ ಸುತ್ತುವುದು, ಹೊಲದ ಮನೆಯಾದರೆ ಬಿಳಿಜೋಳದ ಸುಗ್ಗಿ. ನನ್ನ ತರಗತಿಯ ಹುಡುಗಿಯೊಬ್ಬಳು ಹಿಂದೆ ಬೀಳುತ್ತಿದ್ದಳು. ಅವಳ ಒಂದು ದಿನವನ್ನು ತಾಸು ತಾಸಿನ ಲೆಕ್ಕದಲ್ಲಿ ಬರೆಯಿಸಿದೆ. ಓದಲು ಉಳಿದದ್ದು ರಾತ್ರಿ 10ರ ನಂತರದ ಹೊತ್ತು. "ನಮ್ಮ ಹುಡುಗಿ ತಲಿ ಸ್ವಲ್ಪ ಮಂದ ಐತ್ರಿ" ಅಂದಿದ್ದ ತಾಯಿಗೆ ಆ ಹಾಳೆ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ. ಮರುವಾರದಿಂದ ಸಂಜೆಯ ಪಾತ್ರೆ ಅಣ್ಣನ ಪಾಲಿಗೆ ಬಂತಂತೆ. ಅಣ್ಣನ ಮುಖ ಹೇಗಿತ್ತು ಅಂತ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೆಲವು ಮಕ್ಕಳಿಗೆ ಓದಿಸುವ ಉಪಾಯಗಳಿಗಿಂತ ಬೇರೆ ಸಹಾಯ ಬೇಕಾಗುತ್ತದೆ. ಊಟ ಬಿಡುವುದು, ಯಾರ ಜೊತೆಯೂ ಮಾತಾಡದಿರುವುದು, "ನಾನಿದ್ದು ಏನು ಉಪಯೋಗ" ಅನ್ನುವ ಮಾತು. ಇವು ಕಂಡರೆ ಪುಸ್ತಕ ಬದಿಗಿಟ್ಟು ಜೊತೆಗೆ ಕೂತು ಕೇಳಿ, ಶಾಲೆಗೆ ತಿಳಿಸಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. 2024ರಿಂದ ಎಸ್‌ಎಸ್‌ಎಲ್‌ಸಿಯನ್ನು ಪರೀಕ್ಷೆ-1, ಪರೀಕ್ಷೆ-2 ಅಂತ ನಡೆಸುತ್ತಿದ್ದಾರೆ. ಒಂದರಲ್ಲಿ ಹೋದರೆ ಕೆಲವೇ ವಾರಗಳಲ್ಲಿ ಇನ್ನೊಂದು ಇರುತ್ತದೆ. ಇದನ್ನು ಮಕ್ಕಳಿಗೆ ಪರೀಕ್ಷೆಗೆ ಮೊದಲೇ, ಸಮಾಧಾನದಲ್ಲಿರುವಾಗ ಹೇಳಿಡಿ. ಫಲಿತಾಂಶದ ದಿನ ಹೇಳಿದರೆ ಅವರಿಗೆ ಕೇಳಿಸುವುದಿಲ್ಲ.

ಪರೀಕ್ಷೆ ನಡೆಯುವ ದಿನಗಳಲ್ಲಿ ಗೇಟಿನ ಹೊರಗೆ ಪ್ರಶ್ನೆಪತ್ರಿಕೆ ಕಸಿದುಕೊಂಡು "ಇದಕ್ಕ ಏನ ಬರದಿ?" ಅಂತ ಕೇಳುವವರು ಇದ್ದಾರೆ. ಬರೆದದ್ದು ಬರೆದಾಯಿತು. ನೀರು ಕೊಡಿ, ಊಟ ಹಾಕಿ, ಮುಂದಿನ ವಿಷಯದ ತಪ್ಪಿನ ವಹಿ ಕೊಡಿ.

ಗುಳೇದಗುಡ್ಡದ ಆ ಹುಡುಗ ಶಾಲೆಗೇನು ಮೊದಲು ಬರಲಿಲ್ಲ. ವಿಜ್ಞಾನದಲ್ಲಿ 80ಕ್ಕೆ 51 ಬಂತು. ಎರಡು ವರ್ಷದ ನಂತರ ಅವನ ತಂಗಿ ಹತ್ತನೇ ತರಗತಿಗೆ ಬಂದಳು. ಒಂದು ದಿನ ಶಾಲೆಗೆ ಬಂದು ದೂರು ಹೇಳಿದಳು.

"ಟೀಚರ್, ನಮ್ಮಪ್ಪ ಮಗ್ಗಾನ ನಿಲ್ಲಸಂಗಿಲ್ರಿ. ನಾ ಹೃದಯ ಅನ್ನೂದರಾಗ ತಾನ ಮುಂದಿಂದು ಹೇಳಿಬಿಡತಾನ."

"ಹಂಗಾದ್ರ ಬ್ಯಾರೆ ಪಾಠ ಹೇಳು," ಅಂದೆ. "ವಿದ್ಯುಚ್ಛಕ್ತಿ ಹೇಳು. ಅದು ನಿಮ್ಮಣ್ಣಗೂ ಬರ್ತಿರಲಿಲ್ಲ."